‘ಸ್ವರ್ಗಾರೋಹಣ’ ಅಂದರೆ ಮಗುವಿನ ಕಿವಿಗೆ ಸಾವು ಅಂತ ಕೇಳಿಸಿದರೆ?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ನಾನು ಕೊಡಗಿನವಳು. ವಿರಾಜಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಕಥೋಲಿಕ ಚರ್ಚಿನ ಮಕ್ಕಳಿಗೆ ಕ್ಯಾಟೆಕಿಸಂ (ಧರ್ಮಪಾಠ) ತರಗತಿ ತೆಗೆದುಕೊಳ್ಳುತ್ತೇನೆ. ಈಸ್ಟರಿನಲ್ಲಿ ಸಾವಿನಿಂದ ಎದ್ದ ಯೇಸು ನಲವತ್ತನೇ ದಿನ ಮೇಲಕ್ಕೆ ಏರಿದ್ದನ್ನು ನೆನೆಯುವ ಹಬ್ಬಕ್ಕೆ ನಾವು ‘ಸ್ವರ್ಗಾರೋಹಣ’ ಅನ್ನುತ್ತೇವೆ. ಈ ಪದವನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು. ಯಾವತ್ತೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಈ ವರ್ಷ ಕೆಡಿಸಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂತು. ಆ ದಿನವನ್ನೂ ಸೇರಿಸಿ ಎಣಿಸಿದರೆ ನಲವತ್ತನೇ ದಿನ ಮೇ 29, ಗುರುವಾರ. ಹಬ್ಬ ಮೂಲದಲ್ಲಿ ಆ ಗುರುವಾರದ್ದೇ. ಕೆಲಸದ ದಿನ ತೋಟದವರಿಗೆ ಬರಲು ಆಗುವುದಿಲ್ಲ, ನಮ್ಮಲ್ಲಿ ಮುಂದಿನ ಭಾನುವಾರ ಆಚರಿಸುತ್ತೇವೆ. ಹಾಗಾಗಿ ಜೂನ್ 1. ಈ ಸಲ ಮುಂಗಾರು ಬೇಗ ಹಿಡಿದಿತ್ತು. ಮಕ್ಕಳು ಕೊಡೆಗಳನ್ನು ವರಾಂಡದಲ್ಲಿ ಬಿಚ್ಚಿಟ್ಟು, ಒದ್ದೆ ಕಾಲನ್ನು ಗೋಣಿಚೀಲಕ್ಕೆ ಒರೆಸಿಕೊಂಡು ಒಳಗೆ ಬಂದರು. ನಾನು ಬೋರ್ಡಿನ ಮೇಲೆ ‘ಯೇಸುಸ್ವಾಮಿಯ ಸ್ವರ್ಗಾರೋಹಣ’ ಅಂತ ದೊಡ್ಡದಾಗಿ ಬರೆದೆ. ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು.

“ಟೀಚರ್, ಯೇಸುಸ್ವಾಮಿ ಮತ್ತೆ ತೀರಿಕೊಂಡ್ರಾ?”

ಯಾರೂ ನಗಲಿಲ್ಲ. ಉಳಿದ ಮಕ್ಕಳಿಗೂ ಅದೇ ಅನುಮಾನ ಇತ್ತು ಅಂತ ಕಾಣುತ್ತದೆ, ಎಲ್ಲರೂ ನನ್ನ ಮುಖ ನೋಡಿದರು. ಆ ಹುಡುಗಿಯ ಅಜ್ಜ ಕೆಲವು ತಿಂಗಳ ಹಿಂದೆ ಹೋಗಿದ್ದರು. ಮನೆಯ ತಿರುವಿನಲ್ಲಿ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಅವರ ಫೋಟೋ ಕೆಳಗೆ ‘ಸ್ವರ್ಗಸ್ಥರಾದರು’ ಅಂತ ಬರೆದಿತ್ತು. ಆ ಫ್ಲೆಕ್ಸ್ ಈಗಲೂ ಅಲ್ಲೇ ಇದೆ, ಬಿಸಿಲಿಗೆ ಬಣ್ಣ ಹೋಗಿದೆ. ಅವಳು ದಿನಾ ಅದರ ಕೆಳಗೇ ಸ್ಕೂಲಿಗೆ ನಡೆದು ಬರುತ್ತಾಳೆ. ಅವಳಿಗೆ ‘ಸ್ವರ್ಗ’ ಅನ್ನುವ ಪದ ಕಲಿಸಿದ್ದು ಕ್ಯಾಟೆಕಿಸಂ ಪುಸ್ತಕವಲ್ಲ, ಆ ಫ್ಲೆಕ್ಸ್.

ಅವಳ ಕಿವಿ ತಪ್ಪಾಗಿ ಕೇಳಿಸಿಕೊಂಡಿಲ್ಲ. ಕನ್ನಡದಲ್ಲಿ ಮೇಲಕ್ಕೆ ಹೋಗುವ ಮಾತುಗಳೆಲ್ಲ ಹೆಚ್ಚುಕಮ್ಮಿ ಸಾವಿನ ಮಾತುಗಳೇ. ಸ್ವರ್ಗವಾಸಿ, ದಿವಂಗತ, ಕೈಲಾಸವಾಸಿ, ಪರಲೋಕ ಸೇರಿದರು, ಶಿವನ ಪಾದ ಸೇರಿದರು. ಮನೆಯಲ್ಲಿ ಮಾತಾಡುವಾಗ ಸುಮ್ನೆ ‘ಮೇಲೆ ಹೋದರು’ ಅಂದರೂ ಸಾಕು, ಯಾರೂ ‘ಎಲ್ಲಿಗೆ’ ಅಂತ ಕೇಳುವುದಿಲ್ಲ. ಸಾವು ಅನ್ನುವ ಪದವನ್ನು ನೇರವಾಗಿ ಹೇಳಲು ನಮಗೆ ಮನಸ್ಸು ಬರುವುದಿಲ್ಲ, ಅದಕ್ಕೇ ಈ ಮಾತುಗಳು. ಅದು ನಮ್ಮ ನುಡಿಯ ಒಳ್ಳೆಯ ಗುಣ. ಆದರೆ ಆ ಸಾಲಿನಲ್ಲಿ ‘ಸ್ವರ್ಗಾರೋಹಣ’ವೂ ಹೋಗಿ ನಿಂತರೆ ನಮ್ಮ ನಂಬಿಕೆಯ ಒಂದು ಮುಖ್ಯ ಸಂಗತಿಯೇ ತಲೆಕೆಳಗಾಗುತ್ತದೆ.

ಯಾಕೆ ಅಂದರೆ, ಕ್ರೈಸ್ತ ನಂಬಿಕೆಯಲ್ಲಿ ಇದು ಸಾವಿನ ನಂತರದ ಕತೆ. ಶಿಲುಬೆಯ ಮೇಲೆ ಸತ್ತರು, ಮೂರನೇ ದಿನ ಎದ್ದರು, ನಲವತ್ತು ದಿನ ಶಿಷ್ಯರಿಗೆ ಕಾಣಿಸಿಕೊಂಡರು, ಅವರ ಜೊತೆ ಕೂತು ಸುಟ್ಟ ಮೀನು ತಿಂದರು. ಆಮೇಲೆ ಏರಿಹೋದರು. ಲೂಕನ ಸುವಾರ್ತೆಯ ಕೊನೆಯಲ್ಲಿ ಒಂದು ಮಾತಿದೆ. ಅವರು ಮೇಲೇರಿದ ಮೇಲೆ ಶಿಷ್ಯರು ತುಂಬ ಸಂತೋಷದಿಂದ ಜೆರುಸಲೇಮಿಗೆ ವಾಪಸ್ ಬಂದರು ಅಂತ. ಹೆಣ ಮಣ್ಣು ಮಾಡಿ ಬಂದವರು ಸಂತೋಷವಾಗಿ ಬರುತ್ತಾರಾ? ಇಲ್ಲ ಅಲ್ವಾ. ಆ ಸಂತೋಷಕ್ಕೆ ಹೊಂದುವ ಪದ ನಮ್ಮಲ್ಲಿ ಇದೆಯೋ ಇಲ್ಲವೋ ಅನ್ನುವುದೇ ನನ್ನ ಪ್ರಶ್ನೆ.

ಕನ್ನಡ ಓದಿದವರ ಕಿವಿಗೆ ಇನ್ನೊಂದು ತೊಡಕಿದೆ. ‘ಸ್ವರ್ಗಾರೋಹಣ ಪರ್ವ’ ಮಹಾಭಾರತದ ಹದಿನೆಂಟನೆಯ, ಕೊನೆಯ ಪರ್ವ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಮುಂದುವರಿಸಿ ಅಲ್ಲಿಯವರೆಗೆ ತಂದ. ಅದರ ಹಿಂದಿನ ಮಹಾಪ್ರಸ್ಥಾನ ಪರ್ವದಿಂದಲೇ ಶುರುವಾಗುವ ಆ ಕತೆ ನಮ್ಮೆಲ್ಲರ ಮನಸ್ಸಿನಲ್ಲಿದೆ. ರಾಜ್ಯ ಬಿಟ್ಟು, ನಂಟು ಬಿಟ್ಟು, ಹಿಮಾಲಯದ ಕಡೆ ನಡೆಯುವುದು. ದಾರಿಯಲ್ಲಿ ಒಬ್ಬೊಬ್ಬರೇ ಬೀಳುವುದು. ಕೊನೆಗೆ ಧರ್ಮರಾಯನೂ ಒಂದು ನಾಯಿಯೂ. ನಾನು ಪಾಠ ಮಾಡುವಾಗ ಇವತ್ತಿಗೂ ಗಂಟಲು ಕಟ್ಟುತ್ತದೆ. ಆದರೆ ಅದು ಎಲ್ಲ ಬಿಟ್ಟು ಹೊರಡುವ ಕತೆ. ಯೇಸುವಿನದು ಪಟ್ಟಕ್ಕೆ ಬರುವ ಕತೆ. ಎರಡಕ್ಕೂ ಒಂದೇ ಹೆಸರು ಬಿದ್ದಿದೆ.

‘ಸ್ವರ್ಗ’ ಬೇಡ, ‘ಪರಲೋಕ’ ಅನ್ನಬಹುದು ಅಂತ ಸಿ.ಎಸ್.ಐ. (ಪ್ರಾಟೆಸ್ಟೆಂಟ್) ಚರ್ಚಿನ ಗೆಳತಿಯೊಬ್ಬಳು ಹೇಳಿದಳು. ಅವರ ಕರ್ತನ ಪ್ರಾರ್ಥನೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತಲೇ ಶುರುವಾಗುತ್ತದೆ. ಆದರೆ ‘ಪರ’ ಅಂದ ಕೂಡಲೇ ಅದು ಬೇರೆ ಕಡೆ, ಆಚೆ ದಡ ಆಗಿಬಿಡುತ್ತದೆ. ದೂರ ಇನ್ನೂ ಜಾಸ್ತಿಯಾಯಿತು. ಮೂಲ ಗ್ರೀಕಿನಲ್ಲಿ ‘ಊರನೊಸ್’ ಅಂತ ಒಂದೇ ಪದ. ಮಳೆ ಬೀಳುವ ಆಕಾಶಕ್ಕೂ ಅದೇ, ದೇವರ ನೆಲೆಗೂ ಅದೇ. ಕನ್ನಡದಲ್ಲಿ ನಾವು ಒಂದನ್ನು ಆರಿಸಿಕೊಳ್ಳಲೇಬೇಕು. ‘ಆಕಾಶಕ್ಕೆ ಹೋದರು’ ಅಂದರೆ ಮಕ್ಕಳು ರಾಕೆಟ್ ಬಿಡಿಸುತ್ತಾರೆ. ನಿಜವಾಗಿ ಬಿಡಿಸಿದ್ದಾರೆ. ನನ್ನ ಹತ್ತಿರ ಒಂದು ಚಿತ್ರ ಇದೆ: ಮೇಲೆ ದೊಡ್ಡ ಮೋಡ, ಮೋಡದ ಕೆಳಗೆ ಎರಡು ಪಾದ ಮಾತ್ರ. ನಡು ಯುಗದ ಯುರೋಪಿನ ಚಿತ್ರಗಾರರೂ ಹೀಗೇ ಪಾದ ಮಾತ್ರ ಕಾಣುವ ಹಾಗೆ ಬಿಡಿಸಿದ್ದುಂಟು. ಆ ಹುಡುಗನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ, ಅವನು ಪದ ಕೇಳಿ ಬಿಡಿಸಿದ್ದು.

ಇಲ್ಲಿ ಒಂದು ಅಡ್ಡಮಾತು. ಆಗಸ್ಟ್ 15 ನಮಗೆ ಮಾತೆ ಮರಿಯಮ್ಮನವರ ಹಬ್ಬವೂ ಹೌದು. ಅವರನ್ನು ದೇವರು ದೇಹ ಸಮೇತ ಸ್ವರ್ಗಕ್ಕೆ ಸೇರಿಸಿಕೊಂಡರು ಅನ್ನುವ ನಂಬಿಕೆ ಬಹಳ ಹಳೆಯದು. ಹನ್ನೆರಡನೇ ಪಯಸ್ ಪೋಪರು ಅದನ್ನು 1950ರಲ್ಲಿ ವಿಶ್ವಾಸದ ಸತ್ಯವಾಗಿ ಸಾರಿದರು. ಲ್ಯಾಟಿನ್ನಿನಲ್ಲಿ ಎರಡು ಹಬ್ಬಕ್ಕೆ ಎರಡು ಪದ. ಯೇಸುವಿಗೆ ‘ಅಸೆನ್ಸಿಯೊ’, ಅಂದರೆ ಏರುವುದು. ಮರಿಯಮ್ಮನವರಿಗೆ ‘ಅಸುಂಪ್ತಿಯೊ’, ಅಂದರೆ ತೆಗೆದುಕೊಳ್ಳಲಾಗುವುದು. ಕನ್ನಡದಲ್ಲಿ ಮರಿಯಮ್ಮನವರಿಗೆ ‘ಸ್ವರ್ಗಸ್ವೀಕಾರ’ ಅನ್ನುವುದನ್ನೂ ಕೇಳಿದ್ದೇನೆ. ಆದರೆ ನಮ್ಮ ಜನರ ಬಾಯಲ್ಲಿ ಎರಡಕ್ಕೂ ಸ್ವರ್ಗಾರೋಹಣವೇ.

ಕೊಡಗಿನಲ್ಲಿ ಇದನ್ನು ಗಮನಿಸುವುದು ಸುಲಭ. ಒಂದೇ ಬೆಂಚಿನಲ್ಲಿ ನಾಲ್ಕು ಮನೆಮಾತಿನವರು ಕೂತಿರುತ್ತಾರೆ. ದೊಡ್ಡವೀರರಾಜೇಂದ್ರ ಒಡೆಯರ ಕಾಲದಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ವಿರಾಜಪೇಟೆಯಲ್ಲಿ ನೆಲೆ ಸಿಕ್ಕಿತು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಆಮೇಲೆ ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ ಮಲಯಾಳಿಗಳು ಬಂದರು, ತಮಿಳರು ಬಂದರು. ಹಾಗಾಗಿ ಬೇರೆಯವರು ಏನಂತಾರೆ ಅಂತ ಕೇಳಲು ನಾನು ಪಕ್ಕದ ಬೆಂಚಿಗೆ ತಿರುಗಿದರೆ ಸಾಕು.

ಮಲಯಾಳಂನವರು ಯೇಸುವಿಗೆ ‘ಸ್ವರ್ಗಾರೋಹಣಂ’ ಅನ್ನುತ್ತಾರೆ, ಮರಿಯಮ್ಮನವರಿಗೆ ‘ಸ್ವರ್ಗಾರೋಪಣಂ’. ಬರೀ ಒಂದು ಅಕ್ಷರ ಬದಲು, ಹ ಇದ್ದಲ್ಲಿ ಪ. ಆರೋಹಣ ಅಂದರೆ ತಾನೇ ಏರುವುದು, ಆರೋಪಣ ಅಂದರೆ ಇನ್ನೊಬ್ಬರು ಏರಿಸುವುದು. ವ್ಯಾಕರಣ ಬಹಳ ಅಚ್ಚುಕಟ್ಟಾಗಿದೆ. ಕನ್ನಡಕ್ಕೆ ತಂದರೆ ಮಾತ್ರ ಎಡವಟ್ಟು. ನಮಗೆ ‘ಆರೋಪ’ ಅಂದರೆ ಪೊಲೀಸ್ ಸ್ಟೇಷನ್, ಕೋರ್ಟು. ಯಾರ ಮೇಲೋ ತಪ್ಪು ಹೊರಿಸುವುದು. ಅದೂ ಮೇಲೆ ಇಡುವುದೇ, ಆದರೆ ಮರಿಯಮ್ಮನವರ ಹೆಸರಿನ ಪಕ್ಕ ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ತಮಿಳಿನವರದು ಇನ್ನೂ ಚೆನ್ನಾಗಿದೆ. ಯೇಸುವಿಗೆ ‘ವಿಣ್ಣೇಟ್ರಂ’, ಬಾನಿಗೆ ಏರುವುದು. ಮರಿಯಮ್ಮನವರಿಗೆ ‘ವಿಣ್ಣೇರ್ಪು’, ಬಾನು ಬರಮಾಡಿಕೊಳ್ಳುವುದು. ಎರಡೂ ಅವರ ಮನೆಮಾತಿನ ಪದಗಳೇ. ಈ ‘ಏಟ್ರಂ’ ನಮ್ಮ ‘ಏರು’ವಿನ ಒಡಹುಟ್ಟು.

ಹಾಗೆಯೇ ಅದೇ ಆಗಸ್ಟ್ 15ರ ಬೆಳಗ್ಗೆ ಸ್ಕೂಲಿನಲ್ಲಿ ನಾವು ‘ಧ್ವಜಾರೋಹಣ’ ಮಾಡುತ್ತೇವೆ. ಬಾವುಟ ತಾನೇ ಏರುತ್ತದೆಯೇ? ಹಗ್ಗ ಎಳೆದು ಏರಿಸುತ್ತೇವೆ. ವ್ಯಾಕರಣದ ಪ್ರಕಾರ ಅದು ಧ್ವಜಾರೋಪಣ ಆಗಬೇಕಿತ್ತು. ಜನ ಆರೋಹಣ ಅಂದರು, ಅದೇ ನಿಂತಿತು. ಅಂದರೆ ಕನ್ನಡದ ಬಳಕೆಯಲ್ಲಿ ‘ಆರೋಹಣ’ಕ್ಕೆ ಎರಡೂ ಅರ್ಥ ಬಂದುಬಿಟ್ಟಿವೆ. ತಾನೇ ಏರುವುದೂ ಹೌದು, ಏರಿಸುವುದೂ ಹೌದು. ಇದನ್ನು ನಾನು ಕೊರತೆ ಅಂತ ತಿಳಿಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೈಬಲಿನಲ್ಲೇ ಈ ಎರಡೂ ಇವೆ. ಯೊವಾನ್ನನ ಸುವಾರ್ತೆಯಲ್ಲಿ, ಎದ್ದ ಬೆಳಗ್ಗೆ ತೋಟದಲ್ಲಿ, ಯೇಸು ಮಗ್ದಲದ ಮರಿಯಳಿಗೆ ‘ಏರಿ ಹೋಗುತ್ತೇನೆ’ ಅನ್ನುತ್ತಾರೆ. ಅಲ್ಲಿನ ಗ್ರೀಕ್ ಕ್ರಿಯಾಪದ ‘ಅನಬೈನೋ’, ತಾನೇ ಏರುವುದು. ಆದರೆ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ‘ಎಪೇರ್ಥೇ’ ಅಂತಿದೆ, ಮೇಲಕ್ಕೆ ಎತ್ತಲಾಯಿತು. ಅಲ್ಲೇ ‘ಅನೆಲೇಮ್ಫ್ಥೇ’ ಅಂತಲೂ ಇದೆ, ಮೇಲಕ್ಕೆ ತೆಗೆದುಕೊಳ್ಳಲಾಯಿತು. ಲೂಕ 9:51ರಲ್ಲಿ ಅದೇ ಧಾತುವಿನ ನಾಮಪದ ಬರುತ್ತದೆ. ಲ್ಯಾಟಿನ್ ಬೈಬಲ್ ಅದನ್ನು ‘ಅಸುಂಪ್ತಿಯೊ’ ಅಂತಲೇ ತಂದಿದೆ. ಮರಿಯಮ್ಮನವರಿಗೆ ಮೀಸಲು ಅಂತ ನಾವು ಅಂದುಕೊಂಡ ಪದ ಮೊದಲು ಮಗನಿಗೇ ಬಳಕೆಯಾಗಿತ್ತು. ‘ಯೇಸು ತಾವೇ ಏರಿದರು, ಮರಿಯಮ್ಮನವರನ್ನು ಎತ್ತಿಕೊಳ್ಳಲಾಯಿತು’ ಅಂತ ನಾನು ವರ್ಷಗಟ್ಟಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಪರೀಕ್ಷೆಗೆ ಅದು ಸರಿ. ಸುವಾರ್ತೆ ಅಷ್ಟು ಗೆರೆ ಕೊಯ್ದು ಹೇಳುವುದಿಲ್ಲ.

ಈ ‘ಎತ್ತಲ್ಪಟ್ಟರು’ ಅನ್ನುವ ರೂಪದ ಬಗ್ಗೆಯೂ ಒಂದು ಮಾತು. ಹಳೆಯ ಅನುವಾದಗಳಲ್ಲಿ ‘ಅಲ್ಪಡು’ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮಾತಿನಲ್ಲಿ ನಾವು ಹಾಗೆ ಹೇಳುವುದೇ ಇಲ್ಲ. ‘ಅನ್ನ ಬೇಯಿಸಲ್ಪಟ್ಟಿತು’ ಅಂತ ಯಾವ ಅಡುಗೆಮನೆಯಲ್ಲೂ ಕೇಳುವುದಿಲ್ಲ. ಯಾರು ಮಾಡಿದರು ಅಂತ ಹೇಳಿಬಿಡುವುದು ಕನ್ನಡದ ರೀತಿ. ಇಲ್ಲಿ ಎತ್ತಿದವರು ಯಾರು? ತಂದೆ ದೇವರು. ಹಾಗಾದರೆ ‘ತಂದೆ ಎತ್ತಿಕೊಂಡರು’ ಅಂದರೆ ಆಯಿತಲ್ಲ.

‘ಎತ್ತಿಕೊಳ್ಳು’. ಈ ಪದ ಸಿಕ್ಕಿದ ದಿನ ನನಗೆ ತುಂಬ ಖುಷಿಯಾಯಿತು. ನಮ್ಮ ಮನೆ ಹತ್ತಿರ ಒಂದು ಕಾಫಿ ತೋಟದ ಕೆಲಸದವರ ಲೈನ್ ಮನೆಗಳಿವೆ. ಸಂಜೆ ಕೆಲಸ ಮುಗಿಸಿ ತಾಯಂದಿರು ಬರುವ ಹೊತ್ತಿಗೆ ಮಕ್ಕಳು ದಾರಿಯಲ್ಲೇ ಕಾದಿರುತ್ತವೆ. ಒಂದು ಪುಟ್ಟ ಮಗು ಓಡಿ ಬಂದು, ಎರಡೂ ಕೈ ಮೇಲಕ್ಕೆತ್ತಿ, ಅಮ್ಮನ ಸೀರೆಯ ಮುಂದೆ ನಿಂತು “ಎತ್ಕೋ” ಅನ್ನುತ್ತದೆ. ಅವಳು ಬೆನ್ನಿನ ಚೀಲ ಇಳಿಸಿ, ಮಣ್ಣಿನ ಕೈ ಲಂಗಕ್ಕೆ ಒರೆಸಿ, ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾಳೆ. ಮಗು ಏರಿತೋ, ತಾಯಿ ಏರಿಸಿದಳೋ? ಎರಡೂ. ಅದಕ್ಕೇ ಧ್ವಜಾರೋಹಣದ ವಿಷಯದಲ್ಲಿ ಹಾಗೆ ಅಂದೆ. ಮಗ ತಂದೆಯ ಕಡೆ ಏರಿದರು, ತಂದೆ ಮಗನನ್ನು ಎತ್ತಿಕೊಂಡರು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಆ ಹುಡುಗಿ ತಲೆಯಾಡಿಸಿದಳು. ಆದರೆ ಹಬ್ಬದ ಹೆಸರಾಗಿ ಈ ಪದ ನಿಲ್ಲುವುದಿಲ್ಲ. ‘ಎತ್ತಿಕೊಂಡ ಹಬ್ಬ’ ಅನ್ನಲು ಬರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನಗೆ ಈಗ ಅನ್ನಿಸಿರುವುದು, ಈ ಪದದಲ್ಲಿ ಎಡವಿಸುತ್ತಿರುವುದು ‘ಸ್ವರ್ಗ’ ಅನ್ನುವ ಮೊದಲ ಅರ್ಧ. ‘ಆರೋಹಣ’ ಸರಿಯಾಗಿಯೇ ಇದೆ. ನಾವು ಅದನ್ನು ಪರ್ವತಾರೋಹಣದ ಜೊತೆ ಇಟ್ಟು ಕೇಳುತ್ತಿದ್ದೇವೆ. ನಮ್ಮ ತಡಿಯಂಡಮೋಳ್ ಬೆಟ್ಟ ಹತ್ತಿದ ಹಾಗೆ, ಇಲ್ಲಿಂದ ಅಲ್ಲಿಗೆ, ಇಷ್ಟು ಎತ್ತರ. ಅದನ್ನು ಇನ್ನೊಂದು ಪದದ ಜೊತೆ ಇಟ್ಟು ಕೇಳಬೇಕು. ‘ಪೀಠಾರೋಹಣ’, ‘ಸಿಂಹಾಸನಾರೋಹಣ’. ಸ್ವಾಮಿಗಳು ಪೀಠಾರೋಹಣ ಮಾಡಿದರು ಅಂದರೆ ಯಾರೂ ‘ಪೀಠ ಎಷ್ಟು ಅಡಿ ಎತ್ತರ’ ಅಂತ ಕೇಳುವುದಿಲ್ಲ. ಇನ್ನು ಮುಂದೆ ಈ ಮಠ ಇವರದು ಅಂತ ಅರ್ಥ. ರಾಜ ಪಟ್ಟವೇರಿದ ಅಂದರೂ ಅಷ್ಟೇ. ಮೆಟ್ಟಿಲು ಎರಡೋ ಮೂರೋ ಇರಬಹುದು, ಆದರೆ ನಾಡು ಇಡೀ ಅವನ ಕೈಗೆ ಬಂತು.

ನಮ್ಮ ನಂಬಿಕೆಯ ಸಾರ ಹೇಳುವ ವಿಶ್ವಾಸ ಪ್ರಮಾಣದಲ್ಲೂ ಮಾತು ಹೀಗೇ ಸಾಗುತ್ತದೆ. ಏರಿದರು ಅಂದ ಕೂಡಲೇ, ತಂದೆಯ ಬಲಗಡೆ ಕೂತಿದ್ದಾರೆ ಅಂತ ಬರುತ್ತದೆ. ಏರಿದ್ದು ಕೂರುವುದಕ್ಕೆ. ಆ ಬಲಗಡೆಯ ಮಾತು 110ನೇ ಕೀರ್ತನೆಯದು. ಅದು ರಾಜನಿಗೆ ಸೇರಿದ ಹಾಡು. ಮೋಡವೂ ಅದೇ ಕಡೆ ಕೈ ತೋರಿಸುತ್ತದೆ. ದಾನಿಯೇಲನ ಪುಸ್ತಕದ 7ನೇ ಅಧ್ಯಾಯದಲ್ಲಿ ಮನುಷ್ಯಪುತ್ರನಂತಿರುವ ಒಬ್ಬರು ಮೋಡಗಳ ಜೊತೆ ದೇವರ ಸನ್ನಿಧಿಗೆ ಬರುತ್ತಾರೆ. ಎಲ್ಲ ಜನಾಂಗಗಳ ಮೇಲಿನ ಆಳ್ವಿಕೆ ಅವರಿಗೆ ಸಿಗುತ್ತದೆ. ಓಲಿವ್ ಗುಡ್ಡದ ಮೇಲೆ ನಿಂತಿದ್ದ ಯೆಹೂದಿ ಶಿಷ್ಯರಿಗೆ ಮೋಡ ಕಂಡಾಗ ಇದು ನೆನಪಾಗದೆ ಇರುತ್ತದೆಯೇ? ಅವರ ಸಂತೋಷ ಅಲ್ಲಿಂದ ಬಂತು. ತಮ್ಮವರು ಪಟ್ಟಕ್ಕೆ ಬಂದರು.

ಕನ್ನಡದಲ್ಲಿ ‘ಮೇಲೆ’ ಅನ್ನುವುದೂ ಬರೀ ಜಾಗದ ಮಾತಲ್ಲ. ಮೇಲಧಿಕಾರಿ ಕೆಳಗಿನ ಮಹಡಿಯಲ್ಲೂ ಕೂತಿರಬಹುದು. ‘ಮೇಲಿಂದ ಆರ್ಡರ್ ಬಂದಿದೆ’ ಅಂದರೆ ಯಾರೂ ಸೂರು ನೋಡುವುದಿಲ್ಲ.

ಪಟ್ಟಕ್ಕೆ ನಮ್ಮ ಮನೆಮಾತಿನ ಪದ ‘ಗದ್ದುಗೆ’. ಗದ್ದುಗೆ ಏರಿದರು. ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಆದರೆ ಕೊಡಗಿನವಳಾದ ನನಗೆ ಇಲ್ಲಿ ಸ್ವಲ್ಪ ನಿಲ್ಲಬೇಕಾಯಿತು. ಮಡಿಕೇರಿಯಲ್ಲಿ ‘ಗದ್ದುಗೆ’ ಅಂತ ಆಟೋದವರಿಗೆ ಹೇಳಿದರೆ ಅವರು ಕರೆದುಕೊಂಡು ಹೋಗುವುದು ಸಮಾಧಿಗಳಿಗೆ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಒಡೆಯರು ಅಲ್ಲಿ ಮಲಗಿದ್ದಾರೆ. 1820ರ ಸುಮಾರಿಗೆ ಕಟ್ಟಿಸಿದ ಗುಮ್ಮಟಗಳು, ಮೂಲೆಗಳಲ್ಲಿ ಗೋಪುರ, ಒಳಗೆ ಲಿಂಗ. ಹುಡುಗರು ಆ ಹುಲ್ಲಿನ ಮೇಲೆ ಕೂತು ಓದಿಕೊಳ್ಳುತ್ತಿರುತ್ತಾರೆ. ಮಠಗಳಲ್ಲೂ ಹಿರಿಯ ಗುರುಗಳ ಸಮಾಧಿಗೆ ಗದ್ದುಗೆ ಅನ್ನುತ್ತಾರೆ. ಅಂದರೆ ಕನ್ನಡದಲ್ಲಿ ಸಿಂಹಾಸನಕ್ಕೂ ಸಮಾಧಿಗೂ ಒಂದೇ ಪದ.

ಮೊದಲು ಇದು ಅಡ್ಡಿ ಅನ್ನಿಸಿತು. ಆಮೇಲೆ, ಮಳೆ ಬಿಟ್ಟ ಒಂದು ಮಧ್ಯಾಹ್ನ ಅಲ್ಲೇ ಹೋಗಿ ನಿಂತಾಗ, ಬೇರೆ ಹಾಗೆ ಕಂಡಿತು. ಸತ್ತ ಮೇಲೂ ಅವರ ಅಧಿಕಾರ ಇದೆ ಅಂತ ತೋರಿಸಲು ಜನ ಸಮಾಧಿಯನ್ನೂ ಗದ್ದುಗೆ ಅಂದರು. ಅದು ಗೌರವ, ಅದು ಪ್ರೀತಿ. ಕ್ರೈಸ್ತ ನಂಬಿಕೆ ಹೇಳುವುದು ಇನ್ನೊಂದು ತರಹ. ಒಂದು ಗದ್ದುಗೆ ಖಾಲಿಯಾಗಿದೆ, ಇನ್ನೊಂದರಲ್ಲಿ ಒಬ್ಬರು ಕೂತಿದ್ದಾರೆ. ಈ ಒಂದು ಪದವನ್ನು ಎರಡೂ ಅರ್ಥದಲ್ಲಿ ಹಿಡಿದುಕೊಂಡರೆ ಈಸ್ಟರೂ ಸ್ವರ್ಗಾರೋಹಣವೂ ಎರಡೂ ಒಟ್ಟಿಗೆ ಸಿಗುತ್ತವೆ. ಹೀಗೆ ಒಂದೇ ಪದದಲ್ಲಿ ಎರಡನ್ನೂ ಹಿಡಿಯಲು ಆಗುವುದು ಕನ್ನಡದಲ್ಲಿ ಅನ್ನುವುದು ನನಗೆ ದೊಡ್ಡ ಸಂತೋಷ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಕೊಡವ ಸಹೋದ್ಯೋಗಿಯೊಬ್ಬರು ತಮ್ಮ ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ಮಾತು ತೆಗೆದರು. ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪದ ಎದುರು ಗುರುಕಾರೋಣರನ್ನು, ಅಂದರೆ ಕುಲದ ಮೂಲ ಹಿರಿಯರನ್ನು, ನೆನೆಯುವಾಗ, ಅವರು ದೂರ ಹೋದರು ಅಂತ ಯಾರೂ ತಿಳಿಯುವುದಿಲ್ಲವಂತೆ. ಮನೆ ಅವರದೇ, ಹಿರಿತನ ಅವರದೇ. “ಹೋದ ಮೇಲೆ ಜಾಸ್ತಿ ಇದ್ದಾರೆ” ಅಂದರು. ನಮ್ಮ ನಂಬಿಕೆ ಅದೇ ಅಲ್ಲ. ಯೇಸುವನ್ನು ನಾವು ಜೀವಂತ ಅನ್ನುತ್ತೇವೆ. ಆದರೆ ಹೋಗುವುದು ಅಂದರೆ ಇಲ್ಲವಾಗುವುದು ಅಲ್ಲ ಅನ್ನುವುದನ್ನು ಅವರು ನನಗಿಂತ ಚೆನ್ನಾಗಿ ಹೇಳಿದರು.

ಇನ್ನು ‘ಮರೆಯಾದರು’. ಮೋಡ ಕವಿದು ಅವರು ಕಣ್ಣಿಗೆ ಮರೆಯಾದರು ಅಂತ ನಾವು ಓದುತ್ತೇವೆ. ಪತ್ರಿಕೆಯಲ್ಲಿ ‘ಕಣ್ಮರೆಯಾದರು’ ಅಂದರೆ ಮತ್ತೆ ಸಾವೇ. ಆದರೆ ಮಡಿಕೇರಿಯ ಮಳೆಗಾಲ ಕಂಡವರಿಗೆ ಈ ಪದದ ನಿಜ ಅರ್ಥ ಹೇಳಿಕೊಡಬೇಕಾಗಿಲ್ಲ. ಜೂನ್ 1ರಂದು ತರಗತಿ ಮುಗಿಸಿ ನಾನೂ ಮಕ್ಕಳೂ ಹೊರಟೆವು. ಚರ್ಚಿನ ಗೇಟಿನಿಂದ ಇಳಿಜಾರಿನ ದಾರಿ. ಮಂಜು ದಟ್ಟವಾಗಿತ್ತು. ಆ ಹುಡುಗಿಯ ಅಪ್ಪ ಮುಂದೆ ಹೋಗುತ್ತಿದ್ದರು, ಕಪ್ಪು ಕೊಡೆ, ಕೈಯಲ್ಲಿ ಹಾಲಿನ ಕ್ಯಾನ್. ಹತ್ತು ಹೆಜ್ಜೆ ಹೋದರು. ಕೊಡೆಯ ಅಂಚು ಮಸುಕಾಯಿತು. ಆಮೇಲೆ ಏನೂ ಇಲ್ಲ, ಬಿಳಿ ಮಾತ್ರ. ಕ್ಯಾನಿನ ಹಿಡಿ ಕಿಣಿಕಿಣಿ ಅನ್ನುವುದು ಕೇಳುತ್ತಿತ್ತು. ನಾನು ಅವಳನ್ನು ಕೇಳಿದೆ, “ಅಪ್ಪ ಎಲ್ಲಿ?” ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. “ಅಲ್ಲೇ ಇದ್ದಾರಲ್ಲ ಟೀಚರ್.”

ಮರೆ ಅಂದರೆ ಅಷ್ಟೇ. ನಡುವೆ ಏನೋ ಬಂದಿದೆ, ಆಚೆ ಮನುಷ್ಯ ಇದ್ದಾನೆ. ‘ಮರೆ’ಗೆ ಇನ್ನೊಂದು ಅರ್ಥವೂ ಇದೆ, ಆಸರೆ. ಮರದ ಮರೆ, ಮರೆಹೊಗು. ಕಣ್ಣಿಗೆ ಮರೆಯಾದವರೇ ಮರೆಹೊಗುವ ಜಾಗ ಆಗುತ್ತಾರೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಪದವೇ ಹೇಳುತ್ತದೆ.

ಇದೆಲ್ಲ ಬರೀ ಪದದ ಆಸೆಗೆ ಕೇಳುತ್ತಿರುವುದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜರಿದು ಮನೆ ತೋಟ ಎಲ್ಲ ಹೋದಾಗ, ಎಲ್ಲ ಕಳೆದುಕೊಂಡ ಒಬ್ಬ ಹೆಂಗಸಿನ ಪಕ್ಕ ನಾನು ಕೂತಿದ್ದೆ. “ಅವನು ಮೇಲೆ ಕೂತ್ಕೊಂಡು ನೋಡ್ತಾ ಇದ್ದಾನೆ” ಅಂದರು. ಕೋಪದಲ್ಲಿ ಅಂದದ್ದು. ನಾನು ಉತ್ತರ ಕೊಡಲಿಲ್ಲ, ಕೊಡಬೇಕಾದ ಹೊತ್ತೂ ಅಲ್ಲ. ಆದರೆ ಆ ‘ಮೇಲೆ’ ನನ್ನಲ್ಲಿ ಉಳಿದುಕೊಂಡಿತು. ಸ್ವರ್ಗಾರೋಹಣ ಅಂದರೆ ದೇವರು ನಮ್ಮ ಮಣ್ಣಿನಿಂದ ಮೇಲೆ ಹೋಗಿ ದೂರ ಕೂತರು ಅಂತಲೇ ನಾವು ಕಲಿಸಿದ್ದರೆ ಆ ಮಾತು ಬರದೆ ಇನ್ನೇನು ಬರುತ್ತದೆ?

ಸುವಾರ್ತೆ ಹೇಳುವುದು ಬೇರೆ. ಮೇಲೆ ಹೋದದ್ದು ನಮ್ಮದೇ ಮೈ. ಮರಿಯಮ್ಮನವರ ಹೊಟ್ಟೆಯಲ್ಲಿ ಹುಟ್ಟಿದ, ಬಡಗಿ ಕೆಲಸ ಮಾಡಿದ, ಮೊಳೆ ಹೊಡೆಸಿಕೊಂಡ ಮೈ. ಅದನ್ನು ಅವರು ಓಲಿವ್ ಗುಡ್ಡದ ಮೇಲೆ ಕಳಚಿಟ್ಟು ಹೋಗಲಿಲ್ಲ. ಗಾಯದ ಕೈಗಳ ಜೊತೆ ಹೋದರು. ಇಬ್ರಿಯರಿಗೆ ಬರೆದ ಪತ್ರ ಅವರನ್ನು ಮಹಾಯಾಜಕ ಅನ್ನುತ್ತದೆ. ನಮ್ಮ ಬಲಹೀನತೆ ಗೊತ್ತಿರುವವರು, ನಮಗಾಗಿ ಈಗಲೂ ಬೇಡಿಕೊಳ್ಳುತ್ತಿರುವವರು. ಕಾರ್ಯಕಲಾಪಗಳ 7ನೇ ಅಧ್ಯಾಯದಲ್ಲಿ ಇನ್ನೊಂದು ನೋಟ ಇದೆ. ಯೇಸುವಿನ ಹಿಂಬಾಲಕ ಸ್ತೆಫಾನನನ್ನು ಕಲ್ಲೆಸೆದು ಕೊಲ್ಲುವ ಸ್ವಲ್ಪ ಮೊದಲು ಅವನಿಗೆ ಯೇಸು ದೇವರ ಬಲಗಡೆ ಕಾಣಿಸುತ್ತಾರೆ. ಆದರೆ ಕೂತಿಲ್ಲ. ನಿಂತಿದ್ದಾರೆ. ತನ್ನವನಿಗೆ ಕಲ್ಲು ಬೀಳಲಿರುವಾಗ ಗದ್ದುಗೆಯಿಂದ ಎದ್ದು ನಿಂತವರು. ‘ಮೇಲೆ ಕೂತು ನೋಡುತ್ತಿದ್ದಾನೆ’ ಅನ್ನುವ ಮಾತಿಗೆ ನನ್ನ ಹತ್ತಿರ ಇರುವುದು ಆ ಒಂದು ಚಿತ್ರ ಮಾತ್ರ.

ಯೇಸು ಏರಿಹೋದ ದಿನ ಬಿಳಿ ಬಟ್ಟೆ ತೊಟ್ಟ ಇಬ್ಬರು ಬಂದು ಶಿಷ್ಯರನ್ನು ಕೇಳಿದ್ದೂ ಇದೇ ತರಹದ್ದು, ಯಾಕೆ ಆಕಾಶ ನೋಡುತ್ತಾ ನಿಂತಿದ್ದೀರಿ ಅಂತ. ಅವರು ಗುಡ್ಡ ಇಳಿದರು, ಊರಿಗೆ ಬಂದರು, ಹತ್ತನೇ ದಿನ ಪವಿತ್ರಾತ್ಮ ಬರುವ ತನಕ ಒಟ್ಟಿಗೆ ಪ್ರಾರ್ಥನೆ ಮಾಡಿದರು. ನಮ್ಮ ನವದಿನದ ಪ್ರಾರ್ಥನೆಗಳ ಬೇರು ಆ ಒಂಬತ್ತು ದಿನದಲ್ಲಿದೆ. ಹಿಂದೆ ಪ್ರವಾದಿ ಎಲೀಯ ಸುಂಟರಗಾಳಿಯಲ್ಲಿ ಮೇಲೆ ಹೋದಾಗ ಶಿಷ್ಯ ಎಲೀಷ ಅವನ ಕಂಬಳಿ ಎತ್ತಿಕೊಂಡು ನದಿ ದಾಟಿ ಕೆಲಸಕ್ಕೆ ಹೋದ ಹಾಗೆ.

ಈಗ ನನ್ನ ಪ್ರಶ್ನೆಗಳು. ‘ಸ್ವರ್ಗಾರೋಹಣ’ವನ್ನು ತೆಗೆದುಬಿಡಿ ಅಂತ ನಾನು ಕೇಳುತ್ತಿಲ್ಲ. ಅದು ನಮ್ಮ ಅಜ್ಜಿಯರ ಬಾಯಲ್ಲಿ ಇದ್ದ ಪದ, ಪ್ರಾರ್ಥನೆಯ ಪುಸ್ತಕದಲ್ಲಿ ಇರುವ ಪದ. ಅದರ ಪಕ್ಕದಲ್ಲಿ ಹೇಳಲು ಒಂದು ಮನೆಮಾತಿನ ಹೆಸರು ಬೇಕು. ಗುಡ್ ಫ್ರೈಡೇಗೆ ಶುಭ ಶುಕ್ರವಾರ ಇದೆ, ಅದಕ್ಕೂ ಮೊದಲಿನ ಭಾನುವಾರಕ್ಕೆ ಗರಿಗಳ ಭಾನುವಾರ ಇದೆ, ಮರಿಯಮ್ಮನವರ ಹುಟ್ಟುಹಬ್ಬಕ್ಕೆ ತೆನೆಹಬ್ಬ ಇದೆ. ಇದಕ್ಕೆ ಮಾತ್ರ ಏನೂ ಇಲ್ಲ. ‘ಪಟ್ಟವೇರಿದ ಹಬ್ಬ’ ಅಂದರೆ ಹೇಗೆ? ‘ಗದ್ದುಗೆಯೇರಿದ ಹಬ್ಬ’ ನನಗೆ ಇಷ್ಟ, ಆದರೆ ಉತ್ತರ ಕರ್ನಾಟಕದವರ ಕಿವಿಗೆ ‘ಗದ್ದುಗೆ’ ಮೊದಲು ಸಮಾಧಿಯಾಗಿ ಕೇಳಿಸುತ್ತದೋ, ಸಿಂಹಾಸನವಾಗಿಯೋ? ಕಲಬುರಗಿ, ಧಾರವಾಡ ಕಡೆಯವರು ದಯವಿಟ್ಟು ಹೇಳಿ. ಈಸ್ಟರಿಗೆ ‘ಎದ್ದರು’, ಇದಕ್ಕೆ ‘ಏರಿದರು’ ಅಂತ ನಾನು ಮಕ್ಕಳಿಗೆ ಜೋಡಿ ಮಾಡಿ ಹೇಳಿಕೊಡುತ್ತಿದ್ದೇನೆ. ಎರಡನ್ನೂ ಅವರು ಈಗ ಬೆರೆಸುವುದಿಲ್ಲ. ಕರಾವಳಿಯ ಹಳೆಯ ಮಿಷನ್ ಚರ್ಚುಗಳಲ್ಲಿ, ಬಳ್ಳಾರಿ ಕಡೆ, ಹಿರಿಯರು ಈ ದಿನಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ ಅದೂ ಬೇಕು. ಮರಿಯಮ್ಮನವರ ಹಬ್ಬಕ್ಕೆ ‘ಸ್ವರ್ಗಸ್ವೀಕಾರ’ ನಿಮ್ಮ ಊರಿನಲ್ಲಿ ಜನರ ಬಾಯಲ್ಲಿ ಇದೆಯೋ, ಬರೀ ಕರಪತ್ರದಲ್ಲಿ ಇದೆಯೋ?

ಮುಂದಿನ ವರ್ಷ, 2026ರಲ್ಲಿ, ಹಬ್ಬ ಮೇ 14, ಗುರುವಾರ. ನಮ್ಮಲ್ಲಿ ಮೇ 17ರ ಭಾನುವಾರ. ಅಷ್ಟರೊಳಗೆ ಬೋರ್ಡಿನ ಮೇಲೆ ಏನು ಬರೆಯಬೇಕು ಅಂತ ನಿರ್ಧಾರ ಮಾಡಬೇಕು. ಆ ಹುಡುಗಿ ಆಗ ಆರನೇ ತರಗತಿಯಲ್ಲಿರುತ್ತಾಳೆ, ಅದೇ ಎರಡನೇ ಬೆಂಚಿನಲ್ಲಿ.